ಕೆಂಪು ಶಾಯಿಯ ದೂರು

ಗುಬ್ಬಿ ಮತ್ತು ಮರಕುಟಿಗ ಇಬ್ಬರಲ್ಲ, ಒಬ್ಬನೇ. ಕೆಂಪು ಶಾಯಿಗೆ ಇದರಲ್ಲಿ ಅನುಮಾನವೇ ಉಳಿದಿರಲಿಲ್ಲ. ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಕೆಂಪು ಶಾಯಿ ಎಂಬುದು ವಿಶ್ವಕೋಶದಲ್ಲಿ ಅವರು ಇಟ್ಟುಕೊಂಡಿದ್ದ ಹೆಸರು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ, ಯಾರಿಗೂ ಸಂಬಳವಿಲ್ಲದ ಅಂತರ್ಜಾಲದ ವಿಶ್ವಕೋಶ. ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದ ಮೇಲೆ ಅವರಿಗೆ ಉಳಿದ ಕಚೇರಿ ಅದೊಂದೇ. ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತರೆಂದರೆ ಊಟಕ್ಕೆ ಎಬ್ಬಿಸಲು ಸೊಸೆ ಎರಡೆರಡು ಸಲ ಕರೆಯಬೇಕು.

ಜಗಳ ಒಂದು ಚುಕ್ಕಿಯದು. ಉದ್ಧರಣ ಚಿಹ್ನೆ ಮುಗಿಯುವಲ್ಲಿ ಪೂರ್ಣವಿರಾಮ ಒಳಗಿರಬೇಕೋ, ಹೊರಗಿರಬೇಕೋ? ಹೊರಗೆ ಎಂದು ಇವರು. ಒಳಗೆ ಎಂದು ಗುಬ್ಬಿ. ಇವರು ಬೆಳಿಗ್ಗೆ ಆಚೆ ತಂದ ಚುಕ್ಕಿಗಳನ್ನೆಲ್ಲ ಗುಬ್ಬಿ ಸಂಜೆಯಷ್ಟರಲ್ಲಿ ಒಳಗೆ ಸೇರಿಸಿರುತ್ತಿದ್ದ. ಕೊನೆಗೊಂದು ದಿನ ಚರ್ಚೆಯ ಪುಟದಲ್ಲಿ, ಎಲ್ಲರಿಗೂ ಕಾಣುವಂತೆ, ಹೀಗೆ ಬರೆದ: "ತಾತ, ಚುಕ್ಕಿ ಎಲ್ಲಿಟ್ಟರೂ ವಾಕ್ಯ ಮುಗಿಯುತ್ತೆ. ನೀವು ಯಾವಾಗ ಮುಗಿಸ್ತೀರಿ?" ಅದರ ಕೆಳಗೆ ನಗುವ ಮುಖಗಳ ಸಾಲೇ ಬಿತ್ತು.

ಅಂದಿನಿಂದ ಚುಕ್ಕಿಯ ಮಾತು ಹಿಂದೆ ಸರಿಯಿತು. ಗುಬ್ಬಿಯನ್ನು ಅಲ್ಲಿಂದ ಓಡಿಸಬೇಕು. ಅಷ್ಟೇ.

ಅದಕ್ಕೊಂದು ದಾರಿಯಿತ್ತು. ಚುಕ್ಕಿಯ ವಿಷಯ ಆಗಲೇ ಮತಕ್ಕೆ ಬಿದ್ದಿತ್ತು. ಒಬ್ಬನೇ ಮನುಷ್ಯ ಎರಡು ಹೆಸರಿನಲ್ಲಿ ಮತ ಹಾಕಿದರೆ ವಿಶ್ವಕೋಶ ಅವನನ್ನು ಶಾಶ್ವತವಾಗಿ ಹೊರಹಾಕುತ್ತದೆ. ದೂರು ಬಂದರೆ ಸಾಕು, ಯಾವ ಖಾತೆ ಯಾವ ಮನೆಯ ಇಂಟರ್ನೆಟ್ಟಿನಿಂದ ಬರೆಯುತ್ತಿದೆ ಎಂದು ತನಿಖೆಯವರು ನೋಡುತ್ತಾರೆ. ಗುಬ್ಬಿ ಒಂದು ಮಾತು ಬರೆದರೆ ಮರಕುಟಿಗ ಬೆನ್ನಿಗೇ ಬಂದು ಅದನ್ನೇ ಕುಟ್ಟುತ್ತಿದ್ದ. ಇದಕ್ಕಿಂತ ಇನ್ನೇನು ಬೇಕು?

ಇವರ ಕಡೆಗೂ ಜನರಿಲ್ಲದೆ ಇರಲಿಲ್ಲ. 'ಓದುಗ' ಎಂಬಾತನಂತೂ ಇವರು ಹಾಕಿದ ಗೆರೆ ದಾಟುತ್ತಿರಲಿಲ್ಲ. ಯಾವ ಚರ್ಚೆಯಾದರೂ, ಯಾವ ಮತವಾದರೂ "ಕೆಂಪು ಶಾಯಿಯವರು ಹೇಳಿದ್ದೇ ಸರಿ" ಎಂದು ಬರೆದು ಹೋಗುತ್ತಿದ್ದ. ಗುಬ್ಬಿಯಂಥವರ ನಡುವೆ ಇಂಥವರೂ ಇದ್ದಾರಲ್ಲ ಎಂದು ಅವರಿಗೆ ಸಮಾಧಾನ.

"ಇವತ್ತು ಗುಬ್ಬಿಯ ರೆಕ್ಕೆ ಕತ್ತರಿಸಿಬಿಡ್ತೀನಮ್ಮ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತು.

ಸೊಸೆ ಹುರುಳಿಕಾಯಿ ಮುರಿಯುತ್ತಿದ್ದಳು. "ಪಾಪ, ಅದೇನು ಮಾಡಿತು ಮಾವ?"

ಅವರು ಹೇಳಿದರು. ಹಿಂದೆಯೂ ಹೇಳಿದ್ದರು. ಅವಳು ಮತ್ತೆ ಪೂರ್ತಿ ಕೇಳಿದಳು. ಹುಡುಗಿ ಒಳ್ಳೆಯವಳು, ತಿದ್ದಿದರೆ ಕಲಿಯುವವಳು. ಫ್ರಿಜ್ಜಿನ ಮೇಲೆ ಅವಳು ಅಂಟಿಸುವ ಚೀಟಿಗಳನ್ನು ಇವರೇ ತಿದ್ದುತ್ತಿದ್ದರು. ಅವಳ ಅಪ್ಪ ತೀರಿಕೊಂಡಾಗ ಪತ್ರಿಕೆಗೆಂದು ನಾಲ್ಕು ಸಾಲು ಬರೆದಿದ್ದಳು. ಮಾತಾಡಿಸಲು ಬಂದ ನೆಂಟರ ಮುಂದೆಯೇ ಅದನ್ನು ಗಟ್ಟಿಯಾಗಿ ಓದಿ, ತಪ್ಪುಗಳನ್ನು ಒಂದೊಂದಾಗಿ ತೋರಿಸಿ, ತಿದ್ದಿಕೊಟ್ಟಿದ್ದರು. ಅದೇಕೋ ಅವಳು ಪತ್ರಿಕೆಗೆ ಕೊಡಲೇ ಇಲ್ಲ.

"ಬರೀ ಅವರಿಬ್ಬರನ್ನ ನೋಡಿ ಅಂದ್ರೆ, ತಾತನಿಗೆ ಹೊಟ್ಟೆ ಉರಿ ಅಂತಾರೆ," ಎಂದಳು ಸೊಸೆ, ಕಾಯಿಯ ನಾರು ಬಿಡಿಸುತ್ತ. "ಓಟು ಹಾಕಿದೋರನ್ನೆಲ್ಲ ನೋಡಿ, ನನ್ನನ್ನೂ ಸೇರಿಸಿ ಅಂತ ಬರೀರಿ. ನಿಮಗೇನು ಭಯ?"

"ನನಗ್ಯಾಕಮ್ಮ ಭಯ?"

"ಅದಕ್ಕೇ ಹೇಳಿದ್ದು."

ಮಾತು ಹಿಡಿಸಿತು. ಅವರು ಹಾಗೆಯೇ ಬರೆದರು. ಮತ ಹಾಕಿದ ಪ್ರತಿಯೊಬ್ಬರನ್ನೂ, ಮೊದಲು ನನ್ನನ್ನೇ, ಪರೀಕ್ಷಿಸಿ. ಆಮೇಲೆ ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: ಸಿಕ್ಕಿಬಿದ್ದವರು 'ಅದು ನಾನಲ್ಲ, ನನ್ನ ತಮ್ಮ, ನನ್ನ ಹೆಂಡತಿ' ಎಂದು ಕಥೆ ಕಟ್ಟುತ್ತಾರೆ, ಅಂಥ ನೆಪಗಳಿಗೆ ದಯವಿಟ್ಟು ಕಿವಿಗೊಡಬಾರದು. ಗುಬ್ಬಿಗೆ ನುಸುಳಲು ಒಂದು ಸಂದಿಯೂ ಉಳಿಯಬಾರದಲ್ಲ.

ಕೆಲಸದಿಂದ ಬಂದ ಮಗ ಹೆಗಲ ಮೇಲಿಂದ ಬಗ್ಗಿ ಓದಿದ. "ಒಂದು ಚುಕ್ಕಿಗೆ ಇಷ್ಟೊಂದಾ ಅಪ್ಪ?"

"ಚುಕ್ಕಿಗಲ್ಲ ಕಣೋ. ಮರ್ಯಾದೆಗೆ."

ತೀರ್ಪು ಭಾನುವಾರ ಮಧ್ಯಾಹ್ನ ಬಂತು. ಅವರು ಮಗನನ್ನೂ ಸೊಸೆಯನ್ನೂ ಕೂಗಿ ಕರೆದರು. ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಜೋರಾಗಿ ಓದತೊಡಗಿದರು.

"ಗುಬ್ಬಿ ಮತ್ತು ಮರಕುಟಿಗ ಬೇರೆ ಬೇರೆ ಊರುಗಳಿಂದ ಬರೆಯುತ್ತಿದ್ದಾರೆ. ಅವರ ನಡುವೆ ಯಾವ ಸಂಬಂಧವೂ ಕಂಡುಬಂದಿಲ್ಲ." ದನಿ ಇಳಿಯಿತು. "ಆದರೆ ಕೆಂಪು ಶಾಯಿ ಮತ್ತು ಓದುಗ, ಈ ಎರಡೂ ಖಾತೆಗಳು ಒಂದೇ ಮನೆಯ ಸಂಪರ್ಕವನ್ನು ಬಳಸುತ್ತಿವೆ. ದೂರುದಾರರೇ ತಮ್ಮ ಪರವಾಗಿ..."

ಮುಂದೆ ಓದಲಾಗಲಿಲ್ಲ. ಉತ್ತರ ಬರೆಯಲು ಹೋದರು. ಬರೆಯುವ ಚೌಕ ತೆರೆದುಕೊಳ್ಳಲಿಲ್ಲ. ಬೇರೊಂದು ಪುಟಕ್ಕೆ ಹೋಗಿ 'ತಿದ್ದು' ಒತ್ತಿದರು. ಅದೂ ಇಲ್ಲ. ವರ್ಷಗಟ್ಟಲೆ ಕೂತು ತಿದ್ದಿದ ಸಾವಿರಾರು ಪುಟಗಳನ್ನು ಇನ್ನು ಮುಂದೆ ಅವರು ಓದಬಹುದಿತ್ತು, ಮುಟ್ಟುವಂತಿರಲಿಲ್ಲ. ಚರ್ಚೆಯ ಪುಟದಲ್ಲಿ ಗುಬ್ಬಿ ಆಗಲೇ ಬರೆದಾಗಿತ್ತು: "ತಾತ ಮುಗಿಸಿದರು."

"ಓದುಗ ಅಂದ್ರೆ ಯಾರಪ್ಪ?" ಎಂದ ಮಗ.

"ನನಗೇನು ಗೊತ್ತು? ಈ ಮನೇಲಿರೋದೇ ಮೂರು ಜನ."

ಮಗ ಎರಡೂ ಕೈ ಮೇಲೆತ್ತಿದ. "ನನ್ನ ನೋಡಬೇಡಿ. ನನಗೆ ಚುಕ್ಕಿ ಎಲ್ಲಿಡಬೇಕು ಅನ್ನೋದೇ ಗೊತ್ತಿಲ್ಲ."

ಅವರು ನಿಧಾನವಾಗಿ ಸೊಸೆಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. ಅವರಿಗೆ ಕೋಪಕ್ಕಿಂತ ಮೊದಲು ಕರುಣೆ ಬಂತು. ಪಾಪದ ಹುಡುಗಿ. ಮಾವ ಒಂಟಿಯಾದರಲ್ಲ ಎಂದು ಗುಟ್ಟಾಗಿ ಬೆಂಬಲಕ್ಕೆ ನಿಂತಿದ್ದಾಳೆ.

"ನೀನೇನಮ್ಮ? ನನಗೆ ಸಹಾಯ ಆಗಲಿ ಅಂತ ಮಾಡಿದೆ, ಅಲ್ವಾ? ಇಂಥದ್ದೊಂದು ನಿಯಮ ಇದೆ ಅಂತ ನಿನಗೆ ಗೊತ್ತಿರಲಿಲ್ಲ."

"ಗೊತ್ತಿತ್ತು ಮಾವ," ಎಂದಳು ಸೊಸೆ. "ಅದನ್ನ ಓದಿಕೊಂಡೇ ಖಾತೆ ತೆರೆದೆ."