ಚರ್ಚಿಗೆ ಕೊಟ್ಟ ಕಾರ್ಬ್ಯುರೇಟರ್

ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಾರಿನ ಕಾರ್ಬ್ಯುರೇಟರನ್ನು ಕೋಟಿನೊಳಗೆ ಅವುಚಿಕೊಂಡು ಹೆಡ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟ. ಅಕ್ಕನ ಮನೆಗೆ ಹೋಗಿರಬೇಕಾಗಿದ್ದ ಹೆಂಡತಿ ಮಾವಿಸ್ ಅಡುಗೆಮನೆಯಲ್ಲೇ ನಿಂತಿದ್ದಳು.

"ಕೋಟಲ್ಲಿ ಏನದು?"

ಕಳ್ಳನಿಗೊಂದು ಪಿಳ್ಳೆ ನೆವ. "ಚರ್ಚಿಗೆ ಕಣೇ," ಅಂದ ಹೆಡ್ಲಿ. "ಶನಿವಾರ ಹಳೇ ಸಾಮಾನಿನ ಮಾರಾಟ ಇದೆಯಲ್ಲ, ಅಲ್ಲಿಗೆ ಕೊಡೋಣ ಅಂತ."

ಮಾವಿಸ್ ಪೊಟ್ಟಣ ಬಿಚ್ಚಿ, ತಿರುಗಿಸಿ ನೋಡಿದಳು. "ಒಂದೇನಾ? ಇದರ ಜೋಡಿ ಎಲ್ಲಿ? ಒಂಟಿ ಸಾಮಾನು ಯಾರು ತಗೋತಾರೆ ಮಾರಾಯ?"

ಮಂಚದ ಕೆಳಗಿದ್ದ ಜೋಡಿಯನ್ನೂ ಹೆಡ್ಲಿ ತಂದುಕೊಡಬೇಕಾಯಿತು.

ಅವನ ಹಿಂದಿನ ಕಾರಿನ ಕಥೆ ಹ್ಯಾಲಿಫ್ಯಾಕ್ಸ್‌ನ ಆ ಬೀದಿಗೆಲ್ಲ ಗೊತ್ತು. ಗುಜರಿಯಿಂದ ಭಾಗಗಳನ್ನು ಆಯ್ದು ತಂದು ನಡುಮನೆಯಲ್ಲೇ ಕಟ್ಟಿದ್ದ. ಕಾರು ಚೆನ್ನಾಗಿಯೇ ಬಂತು, ಬಾಗಿಲಿನಿಂದ ಹೊರಗೆ ಮಾತ್ರ ಹೋಗಲಿಲ್ಲ. ಕಿಟಕಿ ಕಿತ್ತು ಎಳೆಯುವಾಗ ಗೋಡೆಯೂ ಬಿತ್ತು, ಕಾರೂ ಮುರಿಯಿತು. "ಇನ್ನೊಂದು ಕಾರು ಈ ಮನೆಯೊಳಗೆ ಹುಟ್ಟಿದ ದಿನ ನಾನು ಹೊರಗೆ," ಎಂದು ಮಾವಿಸ್ ಅಂದೇ ಹೇಳಿದ್ದಳು. ಆದರೆ ಹೆಡ್ಲಿಗಿದ್ದದ್ದು ಅದೊಂದೇ ಆಸೆ. ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಒಮ್ಮೆ ಬೆಟ್ಟದ ರಸ್ತೆ ಹತ್ತಬೇಕು.

ಶನಿವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಓಡಿದ. ತನ್ನದನ್ನೇ ತಾನು ಕೊಂಡು ತಂದರಾಯಿತು. ದಾನ ಕೊಟ್ಟದ್ದನ್ನು ವಾಪಸ್ ಕೇಳುವುದಂತೂ ಆ ಊರಲ್ಲಿ ಇಲ್ಲ.

"ಬಾಗಿಲು ತೆಗೆಯೋ ಮುಂಚೆನೇ ಹೋಯ್ತಲ್ಲ," ಅಂದರು ಪಾದ್ರಿಗಳು. "ಮಾವಿಸ್ಸೇ ಗಿರಾಕಿ ಹುಡುಕಿದ್ರು. ಅವರ ಕೈಗುಣ ಒಳ್ಳೇದು ಕಣಪ್ಪ."

ಮುಂದಿನ ಮಾರಾಟಕ್ಕೆ ಕಪಾಟಿನ ಹಿಂದಿದ್ದ ರೇಡಿಯೇಟರು ಹೋಯಿತು. ಅದರ ಮುಂದಿನದಕ್ಕೆ ಕೊಳೆಬಟ್ಟೆಯ ಬುಟ್ಟಿಯಲ್ಲಿದ್ದ ದೀಪಗಳು. ಸಿಕ್ಕಾಗಲೆಲ್ಲ "ಇದೂ ಚರ್ಚಿಗಾ?" ಎಂದು ಮಾವಿಸ್ಸೇ ಕೇಳುತ್ತಿದ್ದಳು. ಹೇಳಿದ ಸುಳ್ಳನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. "ಹ್ಞೂಂ," ಅನ್ನುತ್ತಿದ್ದ ಹೆಡ್ಲಿ. ದೀಪ ಹೋದ ದಿನ ಅವನಿಗೆ ನಿಜಕ್ಕೂ ಅಳು ಬಂತು. ಉಳಿದದ್ದು ಅಟ್ಟದ ಮೇಲೆ, ಕ್ರಿಸ್ಮಸ್ ಅಲಂಕಾರದ ಡಬ್ಬದಡಿ ಅಡಗಿಸಿದ ಸ್ಟೇರಿಂಗ್ ಚಕ್ರ ಒಂದೇ. ಅದು ಅವಳ ಕಣ್ಣಿಗೆ ಬಿದ್ದಿಲ್ಲ ಎಂಬುದೇ ಸಮಾಧಾನ.

ಪ್ರತಿ ಮಂಗಳವಾರ ಮಾವಿಸ್ ಹೆಣಿಗೆಯ ಚೀಲ ಹಿಡಿದು ಅಕ್ಕ ಈನಿಡ್‌ಳ ಮನೆಗೆ ಹೋಗುತ್ತಿದ್ದಳು. ಹೆಡ್ಲಿಗೆಂದು ಶುರುಮಾಡಿದ ಹಳದಿ ಸ್ವೆಟರು ವರ್ಷವಾದರೂ ಒಂದು ತೋಳು ದಾಟಿರಲಿಲ್ಲ. ಮರಳಿ ಬಂದವಳು ಉಗುರಿನ ಕಪ್ಪು ತಿಕ್ಕುತ್ತಾ, "ಈ ಉಣ್ಣೆ ಬಣ್ಣ ಬಿಡುತ್ತೆ," ಎನ್ನುತ್ತಿದ್ದಳು.

ಒಂದು ಮಂಗಳವಾರ ಅವಳು ಚೀಲವನ್ನೇ ಮರೆತು ಹೋದಳು. ಪಾಪ, ಸೂಜಿಯಿಲ್ಲದೆ ಏನು ಹೆಣೆದಾಳು ಎಂದು ಹೆಡ್ಲಿ ಮಂಡಿ ನೋವಿನಲ್ಲೇ ಹೊತ್ತುಕೊಂಡು ಹೋದ. ಬಾಗಿಲು ತೆರೆದ ಈನಿಡ್ ಚೀಲ ನೋಡಿ, ಅವನನ್ನು ನೋಡಿ, ತಬ್ಬಿಬ್ಬಾದಳು.

"ಹಿಂದೆ ಗ್ಯಾರೇಜಲ್ಲಿದ್ದಾಳೆ," ಅಂದಳು. "ನಾನು ಹೇಳ್ದೆ ಅನ್ನಬೇಡ."

ಗ್ಯಾರೇಜಿನಲ್ಲಿ, ಅವನದೇ ದೀಪ, ಅವನದೇ ರೇಡಿಯೇಟರು, ಅವನದೇ ಜೋಡಿ ಕಾರ್ಬ್ಯುರೇಟರು ಹೊತ್ತು ನಿಂತಿದ್ದ ಕೆಂಪು ಕಾರಿನ ಚಾಲಕನ ಸೀಟಿನಿಂದ ಮಾವಿಸ್ ಎಣ್ಣೆ ಮೆತ್ತಿದ ಕೈ ಚಾಚಿದಳು: "ಬಂದ್ಯಾ? ಅಟ್ಟದ ಮೇಲಿರೋ ಸ್ಟೇರಿಂಗನ್ನ ಚರ್ಚಿಗೆ ಯಾವಾಗ ಕೊಡ್ತೀಯ?"