ಗೋಡೆಯ ಮೇಲಿನ ಹುಲ್ಲು

ಮನೆಗಳು ಒಂದೊಂದಾಗಿ ಕರಗತೊಡಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಗೋಡೆಯ ಮೇಲೆ ಬಿದ್ದ ಚಿತ್ರದಲ್ಲಿ, ಹದ್ದಿನ ಕಣ್ಣಿಗೆ ಕಾಣುವ ಹಾಗೆ, ಒಂದು ಗಲ್ಲಿ. ಅದರ ತಗಡಿನ ಮಾಡುಗಳು ನೀರಿಗೆ ಬಿದ್ದ ಸಕ್ಕರೆಯಂತೆ ಮಾಯವಾಗಿ, ಆ ಜಾಗದಲ್ಲಿ ಹಸಿರು ಹುಲ್ಲು ಏಳುತ್ತಿತ್ತು. ಮಕ್ಕಳನ್ನು ನೋಡಿ ದೊಡ್ಡವರೂ ತಟ್ಟಿದರು. ಹೊಲಿಗೆಯಕ್ಕನೂ ಎರಡು ಸಲ ತಟ್ಟಿದಳು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು. ನೀಲಿ ಟಾರ್ಪಾಲು ಹೊದ್ದ ಆ ಮಾಡು ತನ್ನದು. ಆ ಟಾರ್ಪಾಲಿನ ತೇಪೆ ಹೊಲಿದ ಕೈಯೂ ಇದೇ.

ತಿಂಗಳ ಮೊದಲ ಶನಿವಾರ ಅವಳ ಮನೆಯ ಪಕ್ಕದ ಗೋಡೆಗೆ ಸಿನಿಮಾ ಬಿಡುವುದು ಮೂರು ವರ್ಷದಿಂದ ನಡೆದುಬಂದದ್ದು. ಸುಣ್ಣ ಬಳಿಯುವವರು, ವೈರು ಎಳೆಯುವವರು, ಚಾಪೆ ಹಾಸುವವರು, ಎಲ್ಲ ಗಲ್ಲಿಯವರೇ. ಇದ್ದದ್ದು ಒಂದೇ ಕಟ್ಟಳೆ: ಗೋಡೆಯ ಮೇಲೆ ಏನೇ ಬೀಳಲಿ, ಮೂವರು ಹಿಂದಿನ ದಿನವೇ ಅದನ್ನು ಪೂರ್ತಿ ನೋಡಿರಬೇಕು. ಈ ಸಲ ಯಾರೂ ನೋಡಿರಲಿಲ್ಲ. ಒಂದು ಕಂಪನಿಯವರು ಎದೆಮಟ್ಟದ ಸ್ಪೀಕರು, ಹೊಸ ಪ್ರೊಜೆಕ್ಟರು, ಇನ್ನೂರು ಕುರ್ಚಿ ಕಳಿಸಿದ್ದರು. ಅವರ ಕಡೆಯಿಂದ ಬಂದವನು, ಗಲ್ಲಿ ಅವನಿಗೆ ಟೈ ಎಂದೇ ಹೆಸರಿಟ್ಟಿತ್ತು, ಕೇಳಿದ್ದು ಸಿನಿಮಾಕ್ಕೆ ಮುಂಚೆ ಎರಡೇ ಎರಡು ನಿಮಿಷ. ಸ್ಪೀಕರಿನ ಸದ್ದಿಗೆ ಮರುಳಾಗಿ ಗಲ್ಲಿ ಕಟ್ಟಳೆ ಮರೆತಿತ್ತು. ಹೋದ ವಾರ ಮಾಡುಗಳ ಮೇಲೆ ಗುಂಯ್‌ಗುಟ್ಟುತ್ತ ಹಾರಿದ ಡ್ರೋನಿಗೆ ಇವೇ ಮಕ್ಕಳು ಕುಣಿದು ಕೈ ಬೀಸಿದ್ದವು.

ಅಕ್ಕ ಎದ್ದು ಹೋಗಿ ಪ್ರೊಜೆಕ್ಟರಿನ ಗುಂಡಿ ಒತ್ತಿದಳು. ಹುಲ್ಲಿನ ನಡುವೆ ಈಜುಕೊಳವೊಂದು ಎದ್ದಲ್ಲಿಗೆ ಚಿತ್ರ ನಿಂತಿತು.

"ಆ ಈಜುಕೊಳ ಇದೆಯಲ್ಲಮ್ಮ, ಅದು ನನ್ನ ಮನೆ ಜಾಗ ಅಲ್ವಾ?" ಇಸ್ತ್ರಿ ಮಾವ ಕಣ್ಣು ಕಿರಿದು ಮಾಡಿ ಕೇಳಿದ.

"ಹೌದು ಮಾವ. ನಿಮ್ಮ ಇಸ್ತ್ರಿಪೆಟ್ಟಿಗೆ ಈಗ ನೀರೊಳಗಿದೆ."

ಮುಂದೆ ಮೂರು ಕಾಲಿನ ಕ್ಯಾಮೆರಾದ ಹಿಂದೆ ನಿಂತಿದ್ದ ಟೈ ಒಬ್ಬನೇ ನಕ್ಕ. "ಬರೀ ಕಂಪ್ಯೂಟರ್ ಚಿತ್ರ ಅಕ್ಕ. ಟೆನ್ಷನ್ ಮಾಡ್ಕೋಬೇಡಿ."

"ಚಿತ್ರ ಗೋಡೆ ಮೇಲಿದೆ. ನಿನ್ನ ಕ್ಯಾಮೆರಾ ಯಾಕೆ ನಮ್ಮ ಮುಖಕ್ಕೆ ಹಿಡಿದಿದೀಯ?"

"ಬಡಾವಣೆಗೆ ಮಂಜೂರಿ ಕೊಡೋ ಕಮಿಟಿ ಸೋಮವಾರ ಕೂರುತ್ತೆ. ಇಲ್ಲಿನ ಜನ ಒಪ್ಪಿದಾರೆ ಅನ್ನೋದಕ್ಕೆ ಏನಾದ್ರೂ ತೋರಿಸ್ಬೇಕಲ್ಲ."

"ಒಪ್ಪಿದೀವಿ ಅಂತ ಯಾರು ಹೇಳಿದ್ದು?"

"ಚಪ್ಪಾಳೆ ತಟ್ಟಿದ್ದು ಯಾರು ಅಕ್ಕ?" ಅವನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಪಾಠ ಒಪ್ಪಿಸುವವನ ನಯವಿತ್ತು. "ಚೆನ್ನಾಗಿ ಬಂದಿದೆ. ಮಕ್ಕಳಂತೂ ಸೂಪರ್."

ಇಸ್ತ್ರಿ ಮಾವ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ನಮ್ಮಪ್ಪನ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡು ಹೊಲ ತಗೊಂಡ್ರು. ನಮ್ಮ ಹತ್ರ ಎರಡೂ ಅಂಗೈ ಒತ್ತಿಸ್ಕೊಂಡ್ರಲ್ಲೇ ತಾಯಿ."

ಹಿಂದಿನ ಸಾಲಿನಲ್ಲಿ ಒಬ್ಬ ಕುರ್ಚಿ ಎತ್ತಿ ನಿಂತ. ಟೈಯ ಟೈ ಹಿಡಿದು ಎಳೆಯಬೇಕೆಂದು ಅಕ್ಕನ ಬೆರಳುಗಳೂ ತುರಿಸುತ್ತಿದ್ದವು. ಆದರೂ ಹಲ್ಲು ಕಚ್ಚಿ ಹೇಳಿದಳು: "ಇಳಿಸೋ ಅದನ್ನ. ನೀನು ಎಸೆದ್ರೆ ಅದನ್ನೂ ವಿಡಿಯೋ ತೆಗೀತಾನೆ. ಕಮಿಟಿಗೆ ಅದು ಚಪ್ಪಾಳೆಗಿಂತ ರುಚಿ." ಆಮೇಲೆ ಟೈಯತ್ತ ತಿರುಗಿ, "ತೆಗೆದದ್ದನ್ನ ಅಳಿಸು," ಎಂದಳು.

"ನನ್ನ ಹತ್ರ ಏನಿದೆ ಅಕ್ಕ ಅಳಿಸೋಕೆ? ನೇರ ಆಫೀಸಿಗೆ ಹೋಗ್ತಿದೆ. ನಮ್ಮ ದೊಡ್ಡವರು ಕೂತು ನೋಡ್ತಿದಾರೆ."

"ಈಗಲೂ?"

"ಈಗಲೂ. ಅದಕ್ಕೇ ಹೇಳೋದು, ಜೋರು ಮಾಡ್ಬೇಡಿ. ಚಿತ್ರ ಮುಂದುವರಿಸಿ."

"ಮುಂದುವರಿಸ್ತೀನಿ," ಎಂದಳು ಅಕ್ಕ. ಬಟ್ಟೆಯ ಮೂಲೆ ಬಂದಾಗ ಸೂಜಿಯ ಕೆಳಗೆ ಅದನ್ನು ತಿರುಗಿಸುವವಳ ಸಲೀಸಿನಲ್ಲಿ ಕ್ಯಾಮೆರಾವನ್ನು ಹಿಡಿದು ಗೋಡೆಯ ಕಡೆ ತಿರುಗಿಸಿದಳು. ಚಿತ್ರವನ್ನು ಮೊದಲಿನಿಂದ ಬಿಟ್ಟಳು. ಮತ್ತೆ ಗಲ್ಲಿ ಕಾಣಿಸಿತು. ಅವಳು ನೆಟ್ಟಗೆ ಬೆಳಕಿನೊಳಗೆ ನಡೆದು, ನೀಲಿ ಮಾಡಿನ ಮೇಲೆ ಬೆನ್ನಿಟ್ಟು ನಿಂತಳು. "ಬನ್ನಿ. ಅವರವರ ಮನೆ ಎಲ್ಲಿದೆಯೋ ಅಲ್ಲಿ ನಿಲ್ಲಿ. ನಿಮ್ಮ ಮನೆ ನಿಮಗೆ ಗೊತ್ತಿಲ್ವಾ?"

ಮೊದಲು ಬಂದವನು ಇಸ್ತ್ರಿ ಮಾವ. ಅವನು ನಿಲ್ಲುವುದಕ್ಕೂ ಈಜುಕೊಳ ಏಳುವುದಕ್ಕೂ ಸರಿಹೋಯಿತು. ನೀರು ಅವನ ಹೊಟ್ಟೆಯ ಮೇಲೆ ತುಳುಕಾಡಿತು. ಆಮೇಲೆ ಕುರ್ಚಿ ಎತ್ತಿದವನು, ಅವನ ಹೆಂಡತಿ, ಆಚೆ ಸಾಲಿನವರು. ಚಿತ್ರದಲ್ಲಿ ಮೇಲಿನ ಸಾಲಿಗೆ ಬಿದ್ದ ಮನೆಯವರು ಮಕ್ಕಳನ್ನು ಹೆಗಲೇರಿಸಿಕೊಂಡರು. ಹುಲ್ಲು ಏಳಲು ನೋಡಿತು, ಅಂಗಿಗಳ ಮೇಲೆ, ರವಿಕೆಗಳ ಮೇಲೆ, ಕೆನ್ನೆಗಳ ಮೇಲೆ ಚೂರುಚೂರಾಗಿ ಬಿತ್ತು. ಗೋಡೆ ಎಲ್ಲಿಯೂ ಕಾಣಲಿಲ್ಲ. ಸ್ಪೀಕರಿನೊಳಗಿನ ಜೇನಿನಂಥ ದನಿ ಮಾತ್ರ ಹೊಸ ಬದುಕಿಗೆ ಸ್ವಾಗತ ಕೋರುತ್ತಲೇ ಇತ್ತು.

ಟೈಯ ಕೈಯಲ್ಲಿ ಫೋನು ಬಡಿದುಕೊಂಡಿತು. ಅತ್ತಲಿಂದ ಏನು ಕೇಳಿಸಿತೋ, ಅವನ ಮುಖದ ನಯ ಇಳಿಯಿತು. "ಸರಿಯಿರಿ, ಸ್ವಲ್ಪ ಸರಿಯಿರಿ, ದೊಡ್ಡವರಿಗೆ ಚಿತ್ರ ಕಾಣ್ತಿಲ್ಲ," ಎಂದು ಸಾಲಿನುದ್ದಕ್ಕೂ ಓಡಾಡಿದ. ಒಬ್ಬರೂ ಅಲುಗಲಿಲ್ಲ. ಕೊನೆಗೆ ಎಲ್ಲರಿಗಿಂತ ಕುಳ್ಳಗೆ ನಿಂತಿದ್ದ ಮೂಲೆಮನೆ ಅಜ್ಜಿಯ ಮುಂದೆ ಬಗ್ಗಿ, "ಅಜ್ಜಿ, ನೀವಾದ್ರೂ ಸರಿಯಿರಿ," ಎಂದ.

ಹೊಸ ಬಡಾವಣೆಯ ಹೆಸರಿನ ಚಿನ್ನದ ಅಕ್ಷರಗಳು ಅಜ್ಜಿಯ ಹಣೆಯ ಸುಕ್ಕುಗಳಲ್ಲಿ ಮುರಿದು ಬಿದ್ದಿದ್ದವು. ಅವಳು ಕಣ್ಣು ಪಿಳುಕಿಸಲಿಲ್ಲ.

"ಸರಿದೂ ಸರಿದೂ ಗೋಡೆಗೆ ಬಂದು ನಿಂತಿದೀವಪ್ಪ. ಇನ್ನೆಲ್ಲಿಗೆ?"