ನೊಣದ ಮೊಟ್ಟೆಯಲ್ಲಿ ಅಮ್ಮನ ಮಾತು

ಹೈಮವತಿ ಮೇಡಂ ಲ್ಯಾಬಿಗೆ ಬಂದ ಕೂಡಲೇ ಕೇಳುತ್ತಿದ್ದದ್ದು ಒಂದೇ... "ಫಿರ್ದೌಸ್, ನೊಣಗಳ ಊಟ ಆಯ್ತಾ?"

"ಅವುಗಳ್ದು ಆತ್ರೀ ಮೇಡಂ. ನಂದ ಇನ್ನೂ ಆಗಿಲ್ಲ."

ಹಣ್ಣಿಗೆ ಮುತ್ತುವ ಪುಟ್ಟ ನೊಣಗಳು. ಅವುಗಳ ಮೊಟ್ಟೆಯೊಳಗಿನ ಸೋಜಿಗವೇ ವಿಜಯಪುರದ ಈ ಹುಡುಗಿಯ ಪಿಎಚ್‌ಡಿ.

ಭ್ರೂಣಕ್ಕೆ ಮೊದಮೊದಲು ಸ್ವಂತ ಮಾತಿಲ್ಲ. ತಾಯಿ ತುಂಬಿಟ್ಟ ಆರ್‌ಎನ್‌ಎ ಸಂದೇಶಗಳೇ ಅದನ್ನು ನಡೆಸುತ್ತವೆ.

ಆಮೇಲೆ ಕೆಲವು ಪ್ರೋಟೀನ್‌ಗಳು ಆ ಸಂದೇಶಗಳನ್ನು ಹಿಡಿದು ಅಳಿಸುತ್ತವೆ... ಆಗ ಭ್ರೂಣದ ಸ್ವಂತ ಜೀನ್‌ಗಳು ಎಚ್ಚರವಾಗುತ್ತವೆ.

ಅಂಥ ಒಂದು ಪ್ರೋಟೀನನ್ನು ಫಿರ್ದೌಸ್ ಊಹಿಸಿದ್ದಳು. ಅದಿಲ್ಲದ ತಾಯಿನೊಣಗಳನ್ನು ಸಾಕಿ, ಮೊಟ್ಟೆಗಾಗಿ ಕಾದಿದ್ದಳು.

ಮೇಡಂಗೆ ಅವಳ ಮೇಲೆ ಪ್ರೀತಿ... ಅದಕ್ಕಿಂತ ಒಂದು ಹಿಡಿ ಹೆಚ್ಚೇ ಆತಂಕ. ಮೊಟ್ಟೆ ಎತ್ತಲು ಅವಳು ಬ್ರಷ್ ಹಿಡಿದರೆ ಇವರ ಕೈಯೂ ಮುಂದೆ ಬರುತ್ತಿತ್ತು.

ಅವತ್ತು ಅವಳು ಚಹಾಕ್ಕೆ ಹೋಗಿದ್ದಳು. ಮೊಟ್ಟೆಗಳ ತಟ್ಟೆ ಮೇಜಿನ ಮೇಲೇ ಇತ್ತು.

'ಅಯ್ಯೋ, ಮರೆತೇಬಿಟ್ಟಿದ್ದಾಳೆ!' ಮೇಡಂ ಅದನ್ನು ಫ್ರಿಜ್ಜಿನಲ್ಲಿಟ್ಟರು.

ಅವಳು ಮರೆತಿರಲಿಲ್ಲ... ಬೆಳೆಯಲೆಂದೇ ಬಿಟ್ಟಿದ್ದಳು. ಚಳಿಗೆ ಬೆಳವಣಿಗೆ ನಿಂತುಹೋಗಿತ್ತು.

ಆ ತಾಯಿನೊಣಗಳಿಗೂ ವಯಸ್ಸಾಗಿತ್ತು. ಇನ್ನೊಂದು ಸಲ ಮೊಟ್ಟೆಯಿಟ್ಟರೆ ಸರಿ... ಇಲ್ಲದಿದ್ದರೆ ಅವಳ ವರ್ಷಗಳ ಕೆಲಸ ಅಲ್ಲಿಗೇ ಮುಗಿಯಿತು.

ಫಿರ್ದೌಸ್ ಫ್ರಿಜ್ಜಿನಿಂದ ತಟ್ಟೆ ತೆಗೆದು ಮೇಡಂಗೆ ತೋರಿಸಿದಳು. ಕಣ್ಣೊರೆಸಿಕೊಂಡು, ಮೊಟ್ಟೆಯಿಡಲೆಂದು ನೊಣಗಳಿಗೆ ಹೊಸ ತಟ್ಟೆ ಇಟ್ಟಳು.

ಮೇಡಂ ಕ್ಯಾಂಟೀನಿಗೆ ಹೋಗಿ ಕೂತರು. ಎದ್ದು ಲ್ಯಾಬಿನ ಬಾಗಿಲವರೆಗೂ ಬಂದರು... ಮತ್ತೆ ಹೋಗಿ ಕೂತರು.

ಸಂಜೆ ಅವಳೇ ಓಡಿಬಂದಳು. "ಮೇಡಂ, ಲಗೂನ ಬರ್ರಿ!"

ಮೈಕ್ರೋಸ್ಕೋಪಿನಲ್ಲಿ ಹೊಸ ಮೊಟ್ಟೆಗಳ ಎರಡು ಭ್ರೂಣ. ಸಾಮಾನ್ಯ ನೊಣದ್ದು ಮುಂದೆ ಸಾಗಿತ್ತು. ಆ ಪ್ರೋಟೀನ್ ಇಲ್ಲದ್ದು ಅರ್ಧದಲ್ಲೇ ನಿಂತಿತ್ತು... ತಾಯಿಯ ಸಂದೇಶ ಅದರಲ್ಲಿ ಇನ್ನೂ ಅಳಿದಿರಲಿಲ್ಲ. ಅವಳ ಊಹೆ ನಿಜವಾಗಿತ್ತು!

ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದರು. "ತಾಯಿಯ ಮಾತು ನಿಲ್ಲದಿದ್ದರೆ ಮಗು ಬೆಳೆಯಲ್ಲ ಅಂತ ಕ್ಲಾಸಿನಲ್ಲಿ ಹೇಳಿದವಳೇ ನಾನು... ತಟ್ಟೆ ಎತ್ತಿ ಫ್ರಿಜ್ಜಿಗಿಟ್ಟವಳೂ ನಾನೇ."

"ಮೇಡಂ, ಅಳಿಸೋ ಆ ಪ್ರೋಟೀನ್ ಎಲ್ಲಿಂದ ಬಂತ್ರಿ?"

ಮೇಡಂ ಮತ್ತೆ ಆ ಭ್ರೂಣದತ್ತ ಬಾಗಿದರು. ಆಮೇಲೆ ಮೆಲ್ಲಗೆ, "...ತಾಯಿಯಿಂದಲೇ."

"ನನಗ ಬ್ರಷ್ ಹಿಡಿಯೋದು ಕಲಿಸಿದವರು ನೀವು. ಇವತ್ತು ಬಾಗಿಲತನಕ ಬಂದು ವಾಪಸ್ ಹೋದವರೂ ನೀವ. ನಾ ಕಿಟಕಿಯಾಗಿಂದ ನೋಡೀನ್ರಿ."

ಹೈಮವತಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಫಿರ್ದೌಸ್... ನಿನ್ನ ಊಟ ಆಯ್ತಾ?"

.

ತನ್ನ ಮಾತು ಮುಗಿಯುವ ದಾರಿಯನ್ನೂ ಮಗುವಿನ ಜೊತೆಗೇ ಕಟ್ಟಿ ಕಳಿಸುತ್ತಾಳೆ ತಾಯಿ... ಒಂದು ಪುಟ್ಟ ನೊಣ ಕೂಡ.

"ಇನ್ನು ನಾನೇ ಮಾಡ್ತೀನಿ" ಎಂದು ನಿಮ್ಮ ಮಗು ಅಂದಾಗ... ನಿಮ್ಮ ಕೈ ಎಲ್ಲಿರುತ್ತದೆ?